ಅರಿವು ತಪ್ಪಿದ ರೋಗಿಯ ಪರವಾಗಿ ನಿರ್ಧರಿಸುವವರು ಯಾರು?

ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ರೋಗಿಯ ಒಪ್ಪಿಗೆಯನ್ನು ಪಡೆಯುವುದನ್ನು ನಾವೆಲ್ಲರೂ ಬಲ್ಲೆವು. ತನ್ನ ದೇಹದ ಮೇಲೆ ತನಗೇ ಅಧಿಕಾರವೆಂಬುದು ಇದರ ತತ್ತ್ವ. ಆದರೆ ರೋಗಿಯು ಅರಿವು ತಪ್ಪಿ ಮಲಗಿರುವಾಗ ಆ ಒಪ್ಪಿಗೆಯನ್ನು ಕೊಡಬೇಕಾದವರು ಯಾರು? ಹೆಂಡತಿಯೇ, ಮಗನೇ, ವೈದ್ಯರೇ, ನ್ಯಾಯಾಲಯವೇ?

ಈ ಪ್ರಶ್ನೆಯು ದೇಶದ ಗಮನವನ್ನು ಸೆಳೆದುದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರ ಮೊಕದ್ದಮೆಯಿಂದ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ 1973ರಲ್ಲಿ ಘೋರವಾದ ಹಲ್ಲೆಗೆ ಒಳಗಾದರು. ಕುತ್ತಿಗೆ ಬಿಗಿದುದರಿಂದ ಮೆದುಳಿಗೆ ಆಮ್ಲಜನಕ ದೊರೆಯದೆ, ಆಕೆ ಮತ್ತೆಂದೂ ಚೇತರಿಸಿಕೊಳ್ಳಲಿಲ್ಲ. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ದಶಕಗಳ ಕಾಲ ಉಣಿಸಿ ಆರೈಕೆ ಮಾಡಿದ್ದ ಆಸ್ಪತ್ರೆಯ ಸಿಬ್ಬಂದಿಯವರು ಇದನ್ನು ವಿರೋಧಿಸಿದರು. ಆಕೆಯ ಪರವಾಗಿ ನುಡಿಯುವ ಹಕ್ಕು ಆ ಸಿಬ್ಬಂದಿಗೇ ಸೇರಿದುದೆಂದು 2011ರ ಮಾರ್ಚಿನಲ್ಲಿ ನ್ಯಾಯಾಲಯವು ತೀರ್ಪಿತ್ತಿತು; ಇಂಥ ರೋಗಿಗಳ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಲು ಹೈಕೋರ್ಟಿನ ಅನುಮತಿ ಅಗತ್ಯವೆಂದೂ ವಿಧಿಸಿತು. ಅರುಣಾ 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಎಲ್ಲರೂ ಆಕೆಯ ಪರವಾಗಿ ಮಾತನಾಡಿದರು. ಆಕೆ ಮಾತ್ರ ಮಾತನಾಡಲಾರದವರಾಗಿದ್ದರು.

ಈ ಕೊರತೆಯನ್ನು ನೀಗುವ ಮಾರ್ಗವನ್ನು 2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠವು ತೋರಿಸಿತು. ವಯಸ್ಕರು ಬುದ್ಧಿ ಸ್ವಸ್ಥವಾಗಿರುವಾಗಲೇ, ಗುಣವಾಗುವ ಆಶೆಯಿಲ್ಲದ ಸ್ಥಿತಿಯಲ್ಲಿ ತಮಗೆ ಯಾವ ಚಿಕಿತ್ಸೆ ಬೇಡವೆಂಬುದನ್ನೂ, ತಮ್ಮ ಪರವಾಗಿ ನಿರ್ಧರಿಸತಕ್ಕವರ ಹೆಸರನ್ನೂ ಬರೆದಿಡಬಹುದು. ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಾಗಿತ್ತು. 2023ರ ಜನವರಿಯಲ್ಲಿ ನಿಯಮವು ಸಡಿಲಗೊಂಡು, ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಸಾಕೆಂದಾಯಿತು.

ಪತ್ರವಿದ್ದ ಮಾತ್ರಕ್ಕೆ ಯಂತ್ರವನ್ನು ನಿಲ್ಲಿಸುವಂತಿಲ್ಲ. ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಸೇರಿದ ಮಂಡಲಿಯು ಮೊದಲು ರೋಗಿಯನ್ನು ಪರೀಕ್ಷಿಸಬೇಕು. ಬಳಿಕ ಮೂವರ ಎರಡನೆಯ ಮಂಡಲಿಯೂ ಅದನ್ನು ಒಪ್ಪಬೇಕು. ಪ್ರತಿಯೊಂದು ಮಂಡಲಿಯೂ ಆದಷ್ಟು ಮಟ್ಟಿಗೆ 48 ಗಂಟೆಗಳಲ್ಲಿ ಅಭಿಪ್ರಾಯ ಕೊಡಬೇಕು. ಪತ್ರವಿಲ್ಲದಿದ್ದಲ್ಲಿ ಸಮೀಪದ ಬಂಧುಗಳ ಒಪ್ಪಿಗೆಯನ್ನು ಪಡೆದು ಇದೇ ಕ್ರಮವನ್ನು ಅನುಸರಿಸಬೇಕು. ಚಿಕಿತ್ಸೆಯನ್ನು ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದೂ ಕಡ್ಡಾಯ. ಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಈ ತೀರ್ಪುಗಳಲ್ಲಿ ಆಸ್ಪದವಿಲ್ಲ. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಇವನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ಸಾವಿನ ಮಾತು ಮನೆಯಲ್ಲಿ ಅಮಂಗಳವೆಂದು ನಾವು ಅದನ್ನು ಮುಂದೂಡುತ್ತೇವೆ. ಹಾಗೆ ಮುಂದೂಡಿದ ನಿರ್ಧಾರದ ಭಾರವು ಕೊನೆಗೆ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತ ಮಕ್ಕಳ ಹೆಗಲಿಗೇರುತ್ತದೆ. ನಾಲಗೆ ಆಡುತ್ತಿರುವಾಗಲೇ ನಮ್ಮ ಇಚ್ಛೆಯನ್ನು ಅವರಿಗೆ ತಿಳಿಸಿಡುವುದು ಅಮಂಗಳವಲ್ಲ, ಕರ್ತವ್ಯ.