ಪ್ರವಾಸದೊಳಗಿನ ವಾಸ

‘ಪ್ರವಾಸ’ ಎಂಬ ಮಾತಿನೊಳಗೆ ‘ವಾಸ’ ಅಡಗಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಮರೆತಿರುತ್ತೇವೆ. ಏಳು ದಿನಗಳಲ್ಲಿ ಐದು ದೇಶ ಸುತ್ತಿ, ಗೋಪುರ ಗೋಪುರದೆದುರೂ ಚಿತ್ರ ತೆಗೆಸಿಕೊಂಡು ಬರುವವನು ದಾರಿಯನ್ನು ಕಂಡಾನೇ ಹೊರತು ಊರನ್ನು ಕಾಣಲಾರ. ತರಕಾರಿ ಅಂಗಡಿಯವನು ನಮ್ಮ ಮುಖವನ್ನು ಗುರುತಿಸತೊಡಗಿದ ಮೇಲೆಯೇ ಊರೊಂದು ತನ್ನ ಗುಟ್ಟನ್ನು ಬಿಟ್ಟುಕೊಡುವುದು. ಜೊತೆಯಲ್ಲಿ ಹದಿಹರೆಯದ ಮಕ್ಕಳಿದ್ದರಂತೂ ಈ ಮಾತು ಇನ್ನೂ ನಿಜ. ಎಂಟು ವರ್ಷದ ಮಗು ನಾವು ತೋರಿಸಿದುದನ್ನು ನೋಡುತ್ತದೆ. ಇಪ್ಪತ್ತರ ತರುಣ ತನಗೆ ಬೇಕಾದುದನ್ನು ತಾನೇ ಅರಸಿ ಹೋಗುತ್ತಾನೆ. ನಡುವಣ ವಯಸ್ಸು ತೋರಿಸಿದುದನ್ನು ನೋಡಲೊಲ್ಲದು. ಅರಸಿ ಹೋಗಲು ಅದಕ್ಕೆ ಅನುಮತಿಯಿಲ್ಲ.

ಈ ವಿಚಾರ ನನ್ನ ಪಾಲಿಗೆ ಕೇವಲ ತರ್ಕವಾಗಿ ಉಳಿಯಲಿಲ್ಲ. 2024ರ ಬೇಸಿಗೆಯಲ್ಲಿ ನಾವು ನಾಲ್ವರು ಲಂಡನ್ ನಗರದಲ್ಲಿ ಐದು ವಾರ ಇದ್ದು ಬಂದೆವು. ನನ್ನ ಭಾವಮೈದುನ ನಗರದ ವಾಯವ್ಯದಲ್ಲಿರುವ ಹ್ಯಾರೋ ಎಂಬಲ್ಲಿ ನೆಲೆಸಿದ್ದಾನೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಮಗನಿಗೆ ಹದಿಮೂರು ತುಂಬಿತ್ತು. ಇಂತಹ ಬಿಡುವು ನಮ್ಮ ವಿದ್ಯಾಭ್ಯಾಸಕ್ರಮದಲ್ಲಿ ಒಮ್ಮೆ ತಪ್ಪಿದರೆ ಎರಡು ವರ್ಷ ಕಾಯಬೇಕು. ಆದುದರಿಂದ ಯೋಜನೆಯನ್ನು ಪಂಚಾಂಗದಿಂದಲೇ ಆರಂಭಿಸಬೇಕಾಗುತ್ತದೆ.

ಪಂಚಾಂಗದ ಬೆನ್ನಿಗೇ ಕಾಗದಪತ್ರಗಳು. ಬ್ರಿಟನ್ನಿಗೆ ಸಂದರ್ಶಕರಾಗಿ ಹೋಗುವವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗಿನ ವೀಸಾ ದೊರೆಯುತ್ತದೆ. ಆದರೆ ಮಕ್ಕಳಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಸಣ್ಣ ಮಕ್ಕಳ ಪಾಸ್‌ಪೋರ್ಟಿನ ಆಯುಷ್ಯ ಐದೇ ವರ್ಷವಾದುದರಿಂದ ಅದರ ಅವಧಿಯನ್ನು ಮೊದಲೇ ನೋಡಿಕೊಳ್ಳುವುದು ಲೇಸು. ನನ್ನಂತಹ ಉಪನ್ಯಾಸಕನಿಗೆ ಇವುಗಳ ಜೊತೆಗೆ ಗಳಿಕೆ ರಜೆಯ ಮಂಜೂರಾತಿ, ನಿರಾಕ್ಷೇಪಣಾ ಪತ್ರ. ಹಿಂದೆ ವಿ. ಕೃ. ಗೋಕಾಕರು ಹಡಗಿನಲ್ಲಿ ಹೋಗಿ ‘ಸಮುದ್ರದಾಚೆಯಿಂದ’ ಬರೆದರು. ನಮ್ಮ ಕಾಲದಲ್ಲಿ ಸಮುದ್ರವನ್ನು ದಾಟುವುದು ಒಂದು ಹಗಲಿನ ಕೆಲಸ. ದಾಟಬೇಕಾದ ಕಡಲೆಲ್ಲ ಕಾಗದದ್ದು.

ಹೊರಡುವ ಮುನ್ನ ಮನೆಯಲ್ಲಿ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ವಾರದಲ್ಲಿ ಒಂದು ದಿನ ಮಗಳದು, ಒಂದು ದಿನ ಮಗನದು. ಆ ದಿನ ಅವರು ಹೇಳಿದಲ್ಲಿಗೆ ನಾವು ಮರುಮಾತಾಡದೆ ಹೋಗತಕ್ಕದ್ದು. ಒಂದು ದಿನ ಎಲ್ಲಿಗೂ ಹೋಗದೆ ಬಟ್ಟೆ ಒಗೆದುಕೊಂಡು, ಅಡಿಗೆ ಮಾಡಿಕೊಂಡು ಮನೆಯಲ್ಲಿರತಕ್ಕದ್ದು. ಖರ್ಚಿನ ಲೆಕ್ಕ ಮಕ್ಕಳದು. ಈ ಕೊನೆಯ ನಿಯಮ ನನ್ನ ಹೆಂಡತಿಯ ಸೂಚನೆ. ಅದರಷ್ಟು ಫಲಕೊಟ್ಟದ್ದು ಮತ್ತೊಂದಿಲ್ಲ. ಪೌಂಡನ್ನು ರೂಪಾಯಿಗೆ ತಿರುಗಿಸಿ ತಿರುಗಿಸಿ ಮಗ ಎರಡನೆಯ ದಿನವೇ ಐಸ್‌ಕ್ರೀಮಿನ ಆಸೆಯನ್ನು ತಾನಾಗಿ ಬಿಟ್ಟ. ಹನ್ನೊಂದರಿಂದ ಹದಿನೈದು ವರ್ಷದ ಸಂದರ್ಶಕ ಮಕ್ಕಳಿಗೆ ಆಯ್‌ಸ್ಟರ್ ಕಾರ್ಡಿನಲ್ಲಿ ಹದಿನಾಲ್ಕು ದಿನಗಳ ಮಟ್ಟಿಗೆ ಅರ್ಧ ದರದ ರಿಯಾಯಿತಿಯುಂಟೆಂದು ಕಂಡುಹಿಡಿದವನೂ ಅವನೇ. ಆ ಊರಿನ ಬಹುದೊಡ್ಡ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶಧನವಿಲ್ಲವೆಂಬುದು ನಮ್ಮಂತಹ ಮಧ್ಯಮವರ್ಗದವರಿಗೆ ದೊಡ್ಡ ಆಸರೆ.

ಮಗ ತನ್ನ ದಿನಕ್ಕೆ ಗ್ರೀನಿಚ್ ಆರಿಸಿಕೊಂಡ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿದೆಯೆಂದು ಪಠ್ಯಪುಸ್ತಕ ಹೇಳುತ್ತದೆ. ಅಜ್ಜಿಗೆ ಫೋನು ಮಾಡುವಾಗ ವ್ಯತ್ಯಾಸ ನಾಲ್ಕೂವರೆ ಗಂಟೆಯಷ್ಟೇ ಇದೆಯಲ್ಲ ಎಂಬುದು ಅವನ ತಕರಾರು. ಮಾರ್ಚಿಯ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಆ ದೇಶವೇ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿಕೊಳ್ಳುತ್ತದೆಂದು ತಿಳಿದಾಗ, 1884ರಲ್ಲಿ ಜಗತ್ತಿಗೆ ಶೂನ್ಯರೇಖೆಯಾಗಿ ಗೊತ್ತಾದ ಆ ಗೆರೆಯ ಮೇಲೆ ನಿಂತು ಅವನು, “ಹಾಗಾದರೆ ಇವರೂ ಏಳು ತಿಂಗಳು ಇವರ ಗೆರೆಯನ್ನು ನಂಬುವುದಿಲ್ಲ” ಎಂದು ನಕ್ಕ.

ಮಗಳ ಆಯ್ಕೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದ್ದ ಟಿಪ್ಪುವಿನ ಹುಲಿ. ಮರದ ಹುಲಿಯೊಂದು ಐರೋಪ್ಯನೊಬ್ಬನ ಮೇಲೆರಗಿದೆ. ಹಿಡಿಕೆ ತಿರುಗಿಸಿದರೆ ಹುಲಿಯ ಗುರುಗುಟ್ಟುವಿಕೆಯೂ ಮನುಷ್ಯನ ನರಳಾಟವೂ ಕೇಳುವಂತೆ ಒಳಗೆ ಯಂತ್ರವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಇದನ್ನು ಸಾಗಿಸಿಕೊಂಡು ಹೋದರು. ಅದನ್ನು ಇರಿಸಿದ್ದ ಕಂಪನಿಯ ಭವನದಲ್ಲಿ ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿ, ಪಕ್ಕದಲ್ಲಿ ಓದುತ್ತಿದ್ದವರಿಗೆ ನೆಮ್ಮದಿಯಿಲ್ಲದಂತೆ ಮಾಡಿದ್ದರಂತೆ. ಕೋಟೆಯನ್ನು ಶಾಲೆಯ ಪ್ರವಾಸದಲ್ಲಿ ಎರಡು ಸಲ ಕಂಡಿದ್ದ ಮಗಳು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಾ, ಮನೆ ನಮ್ಮಲ್ಲಿದೆ, ಆಟಿಕೆ ಇಲ್ಲಿದೆ” ಎಂದಳು. ನಾನು ಉಪನ್ಯಾಸ ಮಾಡಲಿಲ್ಲ. ಮರುವಾರ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೊಸೆಟ್ಟಾ ಶಿಲೆಯ ವಿವರಣೆಯನ್ನು ಓದುತ್ತ ಅವಳೇ ನನ್ನ ತೋಳು ಜಗ್ಗಿದಳು: ಈಜಿಪ್ಟಿನಲ್ಲಿ ಆ ಕಲ್ಲು ಸಿಕ್ಕದ್ದೂ 1799ರಲ್ಲಿಯೇ! ಒಂದೇ ವರ್ಷದ ಎರಡು ವಸ್ತುಗಳನ್ನು ಎರಡು ವಾರಗಳ ಅಂತರದಲ್ಲಿ ತನ್ನಷ್ಟಕ್ಕೆ ಕೂಡಿಸಿಕೊಳ್ಳಲು ಅವಳಿಗೆ ಬಿಡುವು ಸಿಕ್ಕಿತ್ತು. ಮೂರು ದಿನದ ಓಟದಲ್ಲಿ ಅದು ಸಿಕ್ಕುತ್ತಿರಲಿಲ್ಲ.

ವಿಷಾದವೊಂದೇ ನಮ್ಮ ಬುತ್ತಿಯಾಗಲಿಲ್ಲ. ಥೇಮ್ಸ್ ನದಿಯ ಆಲ್ಬರ್ಟ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರು ಅದಕ್ಕಾಗಿ ಮುಂದೆ ನಿಂತು ದುಡಿದರು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಭವನ. ಒಂದನ್ನು ಅವರು ಕೊಂಡೊಯ್ದರು, ಇನ್ನೊಂದನ್ನು ನಾವು ಕೊಂಡೊಯ್ದು ನಿಲ್ಲಿಸಿದೆವು ಎಂಬ ಭೇದವನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೆ ಈ ವಾಸದ ನಿಜವಾದ ಪರೀಕ್ಷೆ ಮ್ಯೂಸಿಯಮ್ಮುಗಳಲ್ಲಿ ನಡೆಯಲಿಲ್ಲ. ನಾಲ್ಕನೆಯ ವಾರ ಮಗಳು ತಾನೊಬ್ಬಳೇ ಬ್ರಿಟಿಷ್ ಲೈಬ್ರರಿಗೆ ಹೋಗಿ ಹಸ್ತಪ್ರತಿಗಳ ಪ್ರದರ್ಶನ ನೋಡಿ ಬರುವೆನೆಂದಳು. ಹ್ಯಾರೋದಿಂದ ಕಿಂಗ್ಸ್ ಕ್ರಾಸ್‌ವರೆಗೆ ಒಂದೇ ರೈಲು, ಬದಲಾಯಿಸುವ ಗೋಜಿಲ್ಲ. ಹೆಂಡತಿ ಒಪ್ಪಿದಳು, ನಾನೂ ಒಪ್ಪಿದೆ. ಸಂಜೆ ನಾಲ್ಕಕ್ಕೆ ಬರುತ್ತೇನೆಂದವಳು ನಾಲ್ಕಕ್ಕೇ ಬಂದಳು. ಅಂದಿನಿಂದ ಅವಳ ನಡಿಗೆ ಬೇರೆಯಾಯಿತು. ಮೇ 9ರ ಮುಂಜಾನೆ ಪರೀಕ್ಷೆಯ ಫಲಿತಾಂಶ ಬಂದಾಗಲೂ ಅವಳ ಮುಖದಲ್ಲಿ ಅಷ್ಟು ಹೊಳಪನ್ನು ನಾನು ಕಾಣಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ಅವಳು ಪಕ್ಕದ ಪಟ್ಟಣದ ಪುಸ್ತಕದಂಗಡಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವೆನೆಂದಾಗ ನನ್ನ ತಾಯಿ ಬೇಡವೆಂದರು. ಮಗಳು ನನ್ನ ಕಡೆ ತಿರುಗಿ, “ಅಪ್ಪಾ, ಆ ಧೈರ್ಯ ನಿಮ್ಮದೋ, ಆ ಊರಿನದೋ?” ಎಂದು ಕೇಳಿದಳು. ಪರದೇಶದಲ್ಲಿ ಮಕ್ಕಳಿಗೆ ಕೊಟ್ಟ ಸ್ವಾತಂತ್ರ್ಯವನ್ನು ವಿಮಾನ ನಿಲ್ದಾಣದಲ್ಲಿಯೇ ಹಿಂದಕ್ಕೆ ಪಡೆಯುವುದಾದರೆ ನಾವು ಅವರಿಗೆ ತೋರಿಸಿದ್ದೇನು? ನಮ್ಮ ಮನೆಗಿಂತ ಪರರ ಬೀದಿಯೇ ಲೇಸೆಂಬುದನ್ನಲ್ಲವೆ? ನಾನು ತಾಯಿಯ ಬಳಿ ಕುಳಿತು ಮಾತಾಡಿದೆ. ಮಗಳು ಹೋದಳು. ಅವಳು ಬರುವವರೆಗೆ ಅಮ್ಮ ಜಗಲಿ ಬಿಟ್ಟು ಏಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಏಳಲಿಲ್ಲ.

ಮಕ್ಕಳೊಡನೆ ದೂರದ ಊರಿನಲ್ಲಿ ನೆಲಸಿ ಬರಬೇಕೆಂದಿರುವ ತಂದೆತಾಯಿಗಳಿಗೆ ನಾನು ಹೇಳಬಹುದಾದದ್ದು ಇಷ್ಟೆ: ನೋಡಬೇಕಾದ ಸ್ಥಳಗಳ ಪಟ್ಟಿಗಿಂತ ಮೊದಲು, ಮಕ್ಕಳ ಕೈಗೆ ಏನೇನನ್ನು ಒಪ್ಪಿಸುವಿರಿ, ಮರಳಿದ ಮೇಲೆ ಅದರಲ್ಲಿ ಎಷ್ಟನ್ನು ಉಳಿಸುವಿರಿ ಎಂಬ ಪಟ್ಟಿ ಬರೆಯಿರಿ. ನಮ್ಮ ಎರಡನೆಯ ಯಾತ್ರೆಗೆ ಹಣ ಕೂಡುವ ಮಾತು ಮನೆಯಲ್ಲಿ ನಡೆದಿದೆ. ಯೋಜನೆಯನ್ನು ಈ ಸಲ ಮಕ್ಕಳೇ ಬರೆಯುತ್ತಿದ್ದಾರೆ. ವಾರದಲ್ಲಿ ಒಂದು ದಿನವನ್ನು ನನ್ನ ಹೆಸರಿಗೂ ಕೊಟ್ಟಿದ್ದಾರೆ.