ಉಬ್ಬರವಿಳಿತದ ಬಂದರು ಮೊರ್ಲೆ: ವರ್ತಕರು ಕಟ್ಟಿದ ಊರು

ಫ್ರಾನ್ಸಿನ ವಾಯವ್ಯ ಭಾಗದ ಬ್ರಿಟನಿ ಪ್ರಾಂತ್ಯದಲ್ಲಿ ಮೊರ್ಲೆ ಎಂಬ ಸುಂದರವಾದ ನದೀಬಂದರು ಇದೆ. ಪ್ಯಾರಿಸ್‌ನಿಂದ ಸುಮಾರು ಮೂರು ಗಂಟೆಗಳ ರೈಲು ಪ್ರಯಾಣ. 1861-63ರಲ್ಲಿ ನಿರ್ಮಿತವಾದ, 58 ಮೀಟರ್ ಎತ್ತರದ ಗ್ರಾನೈಟ್ ರೈಲುಸೇತುವೆಯು ಊರಿನ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅದರ ಕೆಳ ಅಂತಸ್ತಿನ ಕಾಲುದಾರಿಯಲ್ಲಿ ನಿಂತರೆ ಒಂದು ಬದಿಗೆ ದೋಣಿಗಳ ಸಾಲು, ಇನ್ನೊಂದು ಬದಿಗೆ ಹಳೆಯ ಮನೆಗಳ ಕಪ್ಪುಕಲ್ಲಿನ ಮಾಡುಗಳು ಕಾಣುತ್ತವೆ.

ಈ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಂದು ನೀರಿನ ಮಟ್ಟ ಸುಮಾರು 9 ಮೀಟರ್‌ಗಳಷ್ಟು ಏರಿಳಿಯುತ್ತದೆ. ಇಳಿತದಲ್ಲಿ ನದಿಯ ಕೆಳಪಾತ್ರ ಬಹುಪಾಲು ಕೆಸರೇ. ಹಡಗುಗಳು ಉಬ್ಬರವನ್ನು ಕಾದೇ ಊರನ್ನು ಸೇರಬೇಕಾಗಿತ್ತು.

ಇಂತಹ ಬಂದರನ್ನು ಶ್ರೀಮಂತಗೊಳಿಸಿದ್ದು ನಾರಗಸೆಯ ಬಟ್ಟೆ. ಬಾಲ್ಟಿಕ್ ಪ್ರದೇಶದಿಂದ ಅಗಸೆ ಬೀಜ ಸಮೀಪದ ರೋಸ್ಕೋಫ್ ಬಂದರಿಗೆ ಬರುತ್ತಿತ್ತು. ಸುತ್ತಲಿನ ರೈತರು ಬೆಳೆದು, ನೂತು, ನೇಯ್ದ ಬಟ್ಟೆಯನ್ನು ಮೊರ್ಲೆಯ ವರ್ತಕರು ಮುಖ್ಯವಾಗಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಕೆಳಗೆ ಅಂಗಡಿ, ನಡುವೆ ಮಾಡಿನವರೆಗೂ ತೆರೆದ ಎತ್ತರದ ಹಜಾರ, ಅದರ ಸುತ್ತ ಕೆತ್ತನೆಯ ಮರದ ಮೆಟ್ಟಿಲು ಹಾಗೂ ಮೊಗಸಾಲೆಗಳಿರುವ ಅವರ ಮನೆಗಳಲ್ಲಿ ಕೆಲವು ಇಂದಿಗೂ ಉಳಿದಿವೆ.

1522ರಲ್ಲಿ ಆಂಗ್ಲರು ಊರನ್ನು ಲೂಟಿ ಮಾಡಿದರು. ಊರಿನವರು ದೊರೆಯ ಬೊಕ್ಕಸವನ್ನು ನಂಬಿ ಕೂರಲಿಲ್ಲ. 1542ರಲ್ಲಿ ತಮ್ಮ ಹಣದಿಂದಲೇ ಕೊಲ್ಲಿಯ ಬಂಡೆಯೊಂದರ ಮೇಲೆ ತೋರೋ ಕೋಟೆಯನ್ನು ಕಟ್ಟಲಾರಂಭಿಸಿದರು. ಆದರೆ ಯಾವ ಕೋಟೆಯೂ ತಡೆಯಲಾರದ ಪೆಟ್ಟು ಸುಂಕದ ರೂಪದಲ್ಲಿ ಬಂತು. 1667ರಲ್ಲಿ ಫ್ರಾನ್ಸ್ ವಿದೇಶೀ ಬಟ್ಟೆಯ ಮೇಲಿನ ಸುಂಕವನ್ನು ಹೆಚ್ಚಿಸಿತು. 1678ರಲ್ಲಿ ಇಂಗ್ಲೆಂಡ್ ಫ್ರೆಂಚ್ ಸರಕನ್ನೇ ನಿಷೇಧಿಸಿತು. ಮುಂದೆ ಯುದ್ಧಗಳೂ ಸೇರಿಕೊಂಡವು. ವ್ಯಾಪಾರವು ಸ್ಪೇನಿನತ್ತ ತಿರುಗಿತಾದರೂ ಒಂದೇ ಗಿರಾಕಿಯನ್ನು ನೆಚ್ಚಿದ್ದರ ನಷ್ಟ ಪೂರ್ತಿ ತುಂಬಿಬರಲಿಲ್ಲ.

ಈ ಸೀಮೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿನ ರೈತರ ಬೆಳೆ ಹೂಕೋಸು ಮತ್ತು ಆರ್ಟಿಚೋಕ್. 1961ರ ಜೂನ್‌ನಲ್ಲಿ ಬೆಲೆ ಕುಸಿದು ರೊಚ್ಚಿಗೆದ್ದ ರೈತರು ಮೊರ್ಲೆಯ ಸರ್ಕಾರಿ ಕಚೇರಿಯನ್ನೇ ಆಕ್ರಮಿಸಿದರು. ಅವರ ಮುಂದಾಳು ಅಲೆಕ್ಸಿ ಗುರ್ವೆನೆಕ್ ಮುಂದೆ ಬೇರೊಂದು ಹಾದಿ ಹಿಡಿದರು. ಬ್ರಿಟನ್ ಯುರೋಪಿನ ಸಮುದಾಯವನ್ನು ಸೇರಿದ 1973ರ ಜನವರಿಯಲ್ಲಿಯೇ, ರೋಸ್ಕೋಫ್‌ನ ಹೊಸ ಆಳಬಂದರಿನಿಂದ ಪ್ಲಿಮತ್‌ಗೆ ತರಕಾರಿ ಲಾರಿಗಳನ್ನು ಸಾಗಿಸುವ ಹಡಗು ಹೊರಟಿತು. ಬೇರೆ ಕಂಪನಿಗಳು ಮುಂದೆ ಬಾರದಿದ್ದಾಗ ರೈತರೇ ಹಡಗು ಕಂಪನಿಯನ್ನು ಆರಂಭಿಸಿದ್ದರು. ಅದೇ ಇಂದಿನ ಬ್ರಿಟನಿ ಫೆರೀಸ್. ಈಗ ಅದು ಪ್ರವಾಸಿಗರನ್ನು ಸಾಗಿಸುವ ದೊಡ್ಡ ಸಂಸ್ಥೆಯಾಗಿದೆ.

ಮೊರ್ಲೆಯ ಲಾಕ್ ಗೇಟಿನೊಳಗೆ ಇಂದು ನಿಂತಿರುವುದು ವಿಹಾರ ದೋಣಿಗಳು. ಸರಕು ಆಳವಾದ ನೀರನ್ನು ಅರಸಿ ಹೋಯಿತು. ಉಳಿದದ್ದು ಆ ಸೀಮೆಯವರ ಗುಣ. ಕೋಟೆ ಬೇಕಾದಾಗ ವಂತಿಗೆ ಹಾಕಿದರು, ಹಡಗು ಬೇಕಾದಾಗ ಬಂಡವಾಳ ಕೂಡಿಸಿದರು. ಬಂದರಿನ ಸೊಬಗನ್ನು ನೋಡಹೋದ ವರ್ತಕನು ಈ ಎರಡನ್ನೂ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಬರಬಹುದು.