ಪಿಂಗಾಣಿಯೊಳಗೆ ಪ್ರೋಟಾನಿನ ಪಯಣ

ನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಜಲಜನಕ ಆಮ್ಲಜನಕಗಳು ಬೇರ್ಪಡುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ಎರಡು ಅನಿಲಗಳು ಮರಳಿ ಕೂಡಿ ನೀರಾಗುವಾಗ ವಿದ್ಯುತ್ತು ದೊರೆಯುವುದೆ? ದೊರೆಯುವುದೆಂದು ಬ್ರಿಟನ್ನಿನ ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ತೋರಿಸಿದನು. ಇಂಧನಕೋಶದ ಮೂಲತತ್ತ್ವ ಇದೇ.

ಕೋಶದ ಎರಡು ವಿದ್ಯುದ್ವಾರಗಳ ನಡುವೆ ಒಂದು ಪದರವಿರುತ್ತದೆ. ಅದು ಅಯಾನುಗಳಿಗೆ ದಾರಿ ಬಿಡಬೇಕು. ಎಲೆಕ್ಟ್ರಾನುಗಳನ್ನು ತಡೆದು, ಹೊರಗಿನ ತಂತಿಯ ಮೂಲಕ ಸುತ್ತಿ ಬರುವಂತೆ ಮಾಡಬೇಕು. ಪ್ಲಾಸ್ಟಿಕ್ ಜಾತಿಯ ಪದರವು ಸುಮಾರು 80 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪ್ರೋಟಾನುಗಳನ್ನು ಸಾಗಿಸುತ್ತದೆ; ಆದರೆ ಅದಕ್ಕೆ ಬೆಲೆಬಾಳುವ ಪ್ಲಾಟಿನಂ ಬೇಕು. ಜಿರ್ಕೋನಿಯಾ ಎಂಬ ಪಿಂಗಾಣಿಯ ಪದರಕ್ಕೆ ಅಗ್ಗದ ನಿಕ್ಕಲ್ ಸಾಕು. ಆದರೆ ಭಾರವಾದ ಆಮ್ಲಜನಕದ ಅಯಾನುಗಳು ಅದರಲ್ಲಿ ಸರಾಗವಾಗಿ ಚಲಿಸಲು 800 ಡಿಗ್ರಿಯಷ್ಟು ಕಾವು ಬೇಕು. ಅಂಥ ಕಾವಿನಲ್ಲಿ ಸುತ್ತಲಿನ ಲೋಹದ ಭಾಗಗಳು ಬೇಗ ಕೆಡುತ್ತವೆ.

ಹಗುರವಾದ ಪ್ರೋಟಾನನ್ನೇ ಪಿಂಗಾಣಿಯಲ್ಲಿ ಸಾಗಿಸಿದರೆ ಹೇಗೆ? ಇದು ಸಾಧ್ಯವೆಂದು ಜಪಾನಿನ ಇವಾಹಾರಾ ಮತ್ತು ಅವರ ಸಂಗಡಿಗರು 1981ರಲ್ಲಿ ತೋರಿಸಿಕೊಟ್ಟರು. ಬೇರಿಯಂ ಜಿರ್ಕೋನೇಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಕೆಲವು ಜಿರ್ಕೋನಿಯಂ ಪರಮಾಣುಗಳ ಬದಲು ಯಿಟ್ರಿಯಂ ಸೇರಿಸಿದರೆ, ಸ್ಫಟಿಕದಲ್ಲಿ ಆಮ್ಲಜನಕದ ಕೆಲವು ಸ್ಥಾನಗಳು ತೆರವಾಗುತ್ತವೆ. ನೀರಾವಿಯು ಒಳಹೊಕ್ಕಾಗ ಅದರ ಆಮ್ಲಜನಕವು ಆ ತೆರವನ್ನು ತುಂಬುತ್ತದೆ; ಉಳಿದ ಪ್ರೋಟಾನುಗಳು ಒಂದು ಆಮ್ಲಜನಕದಿಂದ ಮತ್ತೊಂದಕ್ಕೆ ನೆಗೆಯುತ್ತ ಸಾಗುತ್ತವೆ. ಕಾವು ಅತಿಯಾದರೆ ನೀರು ಸ್ಫಟಿಕವನ್ನು ಬಿಟ್ಟು ಹೋಗುವುದು. ಆದುದರಿಂದ 400ರಿಂದ 600 ಡಿಗ್ರಿಯ ಮಧ್ಯಮ ಉಷ್ಣತೆಯೇ ಇದಕ್ಕೆ ಹದ. ಇನ್ನೊಂದು ಲಾಭವೂ ಉಂಟು: ನೀರು ಗಾಳಿಯ ಬದಿಯಲ್ಲಿ ಹುಟ್ಟುವುದರಿಂದ ಇಂಧನದೊಡನೆ ಬೆರೆಯುವುದಿಲ್ಲ.

ಹೀಗಿದ್ದರೂ ಕಾರ್ಯ ಸುಲಭವಾಗಲಿಲ್ಲ. ಬೇರಿಯಂ ಸೀರೇಟ್ ಪ್ರೋಟಾನುಗಳನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ತಗುಲಿದರೆ ಕೆಡುತ್ತದೆ. ಜಿರ್ಕೋನೇಟ್ ಗಟ್ಟಿಗ, ಅದನ್ನು ಬಿರುಕಿಲ್ಲದ ಬಿಲ್ಲೆಯಾಗಿ ಸುಡಲು ಮಾತ್ರ 1600 ಡಿಗ್ರಿಗೂ ಹೆಚ್ಚಿನ ಕಾವು ಬೇಕು. ಸುಟ್ಟ ಮೇಲೂ ಹರಳು ಹರಳುಗಳ ನಡುವಣ ಎಲ್ಲೆಗಳು ಪ್ರೋಟಾನನ್ನು ತಡೆಯುತ್ತವೆ. ಇವೆರಡನ್ನೂ ಬೆರೆಸಿ ಒಂದರ ಕುಂದನ್ನು ಇನ್ನೊಂದರಿಂದ ತುಂಬುವುದು ಒಂದು ಉಪಾಯ. ತಾಮ್ರದ ಆಕ್ಸೈಡಿನಂಥ ವಸ್ತುವನ್ನು ತುಸು ಸೇರಿಸಿ ಕಡಮೆ ಕಾವಿನಲ್ಲೇ ಸುಡುವುದು ಮತ್ತೊಂದು.

2015ರಲ್ಲಿ ಅಮೆರಿಕದ ಕೊಲರಾಡೊ ಗಣಿವಿದ್ಯಾಶಾಲೆಯ ಸಂಶೋಧಕರು ಇಂಥ ಉಪಾಯಗಳಿಂದ ಇಡೀ ಕೋಶವನ್ನು ಒಂದೇ ಸುಡುವಿಕೆಯಲ್ಲಿ ಸಿದ್ಧಗೊಳಿಸಿದರು. 500 ಡಿಗ್ರಿಯಲ್ಲಿ ಅದು ಚದರ ಸೆಂಟಿಮೀಟರಿಗೆ 455 ಮಿಲಿವಾಟುಗಳವರೆಗೆ ಶಕ್ತಿಯಿತ್ತಿತು. ಇಂಥ ಕೋಶಗಳು 1400 ಗಂಟೆಗಳ ಪರೀಕ್ಷೆಯಲ್ಲಿಯೂ ಕುಗ್ಗಲಿಲ್ಲ. ಆದರೆ 1400 ಗಂಟೆಯೆಂದರೆ ಎರಡು ತಿಂಗಳೂ ಆಗಲಿಲ್ಲ. ಅವು ಗುಂಡಿಯಷ್ಟು ಚಿಕ್ಕ ಕೋಶಗಳು. ವಿದ್ಯುದಾಗಾರವಾದರೋ ವರ್ಷಗಟ್ಟಲೆ ನಡೆಯಬೇಕು. ಪ್ರೋಟಾನಿಗೆ ದಾರಿ ತೆರೆದಾಗಿದೆ. ಆ ದಾರಿಯನ್ನು ಅಗಲವಾಗಿಯೂ ಬಾಳಿಕೆಯುಳ್ಳದ್ದಾಗಿಯೂ ಮಾಡುವ ಕೆಲಸ ಉಳಿದಿದೆ.